ಹದಿನೇಳನೆಯ ಹಲ್ಲಿ

ಗುರುಮಲ್ಲಪ್ಪನವರ ಜೀವಮಾನದ ಸಂಶೋಧನೆಯನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು: ಇಪ್ಪತ್ತೆರಡು ವರ್ಷ ಹಲ್ಲಿಗಳ ಬಾಲ ಕತ್ತರಿಸಿ, ಅದು ಮತ್ತೆ ಬೆಳೆಯುವುದನ್ನು ಕಾಯುತ್ತ ಕೂತರು. ಹೀಗೆ ಒಂದೇ ವಾಕ್ಯದಲ್ಲಿ ಹೇಳುವವರು ಅವರ ಹೆಂಡತಿ ವಾಣಿ. ಗುರುಮಲ್ಲಪ್ಪನವರನ್ನೇ ಕೇಳಿದರೆ ಮುಕ್ಕಾಲು ಗಂಟೆ ಬೇಕು, ಒಂದು ಕಪ್ಪುಹಲಗೆಯೂ ಬೇಕು.

ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಒಂಟಿಕೊಪ್ಪಲಿನ ಮನೆಯ ಮಹಡಿ ಕೋಣೆಯಲ್ಲಿ ಅವರ ಪ್ರಬಂಧಗಳಿಗೆಂದೇ ಒಂದು ಬೀರು ಇತ್ತು. ಬೀರು ತುಂಬಿರಲಿಲ್ಲ, ಕೆಳಗಿನ ಎರಡು ಅರೆಗಳಲ್ಲಿ ವಾಣಿ ಚಳಿಗಾಲದ ರಗ್ಗುಗಳನ್ನು ಇಟ್ಟಿದ್ದರು. ಆ ಪ್ರಬಂಧಗಳ ಪೈಕಿ ಲೋಕದ ಕಣ್ಣಿಗೆ ಬಿದ್ದದ್ದು ಒಂದೇ ಒಂದು. ಬೇರೆ ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದು ಒಟ್ಟು ನಾಲ್ಕು ಸಲ. ಅದರಲ್ಲಿ ಮೂರು ಸಲ ಉಲ್ಲೇಖಿಸಿದವರು ಗುರುಮಲ್ಲಪ್ಪನವರೇ.

ಅದು ಹದಿನೇಳನೆಯ ಹಲ್ಲಿಯ ಪ್ರಬಂಧ.

ಗೋಡೆಯ ಹಲ್ಲಿ ಬಾಲ ಕಳಚಿಕೊಂಡರೆ ಮೊದಲು ಗಾಯದ ಮೇಲೆ ಒಂದು ತೆಳು ಪೊರೆ ಬರುತ್ತದೆ. ಅದರ ಕೆಳಗೆ ಜೀವಕೋಶಗಳ ಒಂದು ಪುಟ್ಟ ಗುಡ್ಡೆ ಸೇರುತ್ತದೆ. ಅವು ತಾವು ಏನಾಗಬೇಕೆಂದು ಇನ್ನೂ ಪೂರ್ತಿ ನಿರ್ಧರಿಸದ ಕೋಶಗಳು. ಪತ್ರಿಕೆಯವರು ಸ್ಟೆಮ್ ಸೆಲ್ ಎಂದು ಕರೆಯುವ ಜಾತಿಗೆ ಹತ್ತಿರದವು. ಅವುಗಳಲ್ಲಿ ಕೆಲವು ಸ್ನಾಯುವಾಗಿ, ಕೆಲವು ಚರ್ಮವಾಗಿ, ಕೆಲವು ಮೂಳೆಯ ಬದಲಿಗೆ ಮೆದುಮೂಳೆಯ ಕೊಳವೆಯಾಗಿ ಎರಡು ತಿಂಗಳಲ್ಲಿ ಒಂದು ಹೊಸ ಬಾಲ ಸಿದ್ಧವಾಗುತ್ತದೆ. ಎಲ್ಲ ಹಲ್ಲಿಗಳಿಗೂ ಸುಮಾರು ಅಷ್ಟೇ ಕಾಲ ಹಿಡಿಯುತ್ತದೆ. ಆದರೆ ೧೯೯೮ರ ಬೇಸಿಗೆಯಲ್ಲಿ, ಇನ್‌ಕ್ಯುಬೇಟರಿನ ಬೆಚ್ಚನೆಯ ನೆತ್ತಿಯ ಮೇಲಿಟ್ಟಿದ್ದ ಪಂಜರದಲ್ಲಿ, ಹದಿನೇಳನೆಯ ನಂಬರಿನ ಹಲ್ಲಿ ಹತ್ತೊಂಬತ್ತೇ ದಿನದಲ್ಲಿ ನಲವತ್ತೊಂದು ಮಿಲಿಮೀಟರು ಬಾಲ ಬೆಳೆಸಿಬಿಟ್ಟಿತು. ಅದರ ಜೊತೆಗಾರರು ಎಂಟು ಹತ್ತು ಮಿಲಿಮೀಟರಿನಲ್ಲಿ ಹೆಣಗುತ್ತಿದ್ದರು.

ಹದವಾದ ಶಾಖ ಕೊಟ್ಟರೆ ಮಲಗಿರುವ ಕೋಶಗಳು ಎದ್ದು ಕೂರುತ್ತವೆ ಎಂದು ಗುರುಮಲ್ಲಪ್ಪನವರು ಬರೆದರು. ಆಮೇಲೆ ಅದೇ ಪ್ರಯೋಗವನ್ನು ಐದು ಸಲ ಮಾಡಿದರು. ಬೇರೆ ಯಾವ ಹಲ್ಲಿಯೂ ಸಹಕರಿಸಲಿಲ್ಲ. ಆ ಹಲ್ಲಿಗಳಲ್ಲೇ ಏನೋ ಕೊರತೆಯಿದೆ ಎಂದು ಅವರು ತೀರ್ಮಾನಿಸಿದರು.

ಈ ವರ್ಷ ಯುಗಾದಿಯ ಹೊತ್ತಿಗೆ ರೇಡಿಯೊದವರು ಹನ್ನೆರಡು ನಿಮಿಷದ ಒಂದು ವಿಜ್ಞಾನ ಭಾಷಣಕ್ಕೆ ಕರೆದರು. ಭಾಷಣ ಬರೆಯುವುದು ಒಂದು ದಿನದ ಕೆಲಸವಾಯಿತು. ಅದರ ಕೊನೆಯ ವಾಕ್ಯ ಮೂರು ದಿನ ತೆಗೆದುಕೊಂಡಿತು. ‘ಇಂದು ಹಲ್ಲಿಯ ಬಾಲ, ನಾಳೆ ಮಾನವನ ಬೆರಳು! ನಮ್ಮೊಳಗೂ ಆ ಶಕ್ತಿ ಮಲಗಿದೆ, ಎಬ್ಬಿಸುವುದಷ್ಟೇ ಬಾಕಿ.’ ಮೊದಲು ‘ಮನುಷ್ಯನ’ ಎಂದಿತ್ತು. ‘ಮಾನವನ’ ಎಂದರೆ ಗಾಂಭೀರ್ಯ ಹೆಚ್ಚು ಅನ್ನಿಸಿ ತಿದ್ದಿದರು.

ಪ್ರಸಾರವಾದಾಗ ವಾಣಿ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡರು. “ಎಬ್ಬಿಸೋರು ಯಾರಂತೆ?” ಎಂದರು.

“ವಿಜ್ಞಾನ.”

“ಹಾಗಾದ್ರೆ ಅದಕ್ಕೆ ಹೇಳಿ, ನಾಳೆ ಆರು ಗಂಟೆಗೆ ನಿಮ್ಮನ್ನ ಎಬ್ಬಿಸಿ ಹಾಲಿಗೆ ಕಳಿಸ್ಲಿ.”

ಇದಾಗಿ ಮೂರು ತಿಂಗಳಿಗೆ, ಜೂನಿನ ಒಂದು ಮಂಗಳವಾರ ಬೆಳಿಗ್ಗೆ, ಚಿಕ್ಕಣ್ಣ ಬಂದು ಗೇಟಿನ ಹತ್ತಿರ ಚಪ್ಪಲಿ ಬಿಟ್ಟ.

ಚಿಕ್ಕಣ್ಣ ಅವರ ಪ್ರಯೋಗಾಲಯದ ಅಟೆಂಡರ್ ಆಗಿದ್ದವನು. ಹಲ್ಲಿ ಹಿಡಿಯುವುದು, ಜಿರಳೆ ಹಿಡಿದು ಹಲ್ಲಿಗೆ ಹಾಕುವುದು, ಶನಿವಾರಕ್ಕೊಮ್ಮೆ ಸ್ಕೇಲು ಹಿಡಿದು ಬಾಲ ಅಳೆದು ಪುಸ್ತಕದಲ್ಲಿ ಬರೆಯುವುದು ಇವೆಲ್ಲ ಅವನ ಕೆಲಸ. ಮೆತ್ತನೆಯ ಪೊರಕೆಯಿಂದ ಗೋಡೆಯ ಮೇಲಿನ ಹಲ್ಲಿಯನ್ನು ಬಾಲಕ್ಕೆ ಪೆಟ್ಟಾಗದಂತೆ ಅಗಲಬಾಯಿಯ ಬಾಟಲಿಗೆ ಇಳಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಗುರುಮಲ್ಲಪ್ಪನವರೂ ಒಮ್ಮೆ ಪ್ರಯತ್ನಿಸಿದ್ದರು. ಹಲ್ಲಿ ಅಂಗಿಯ ತೋಳಿನೊಳಗೆ ಇಳಿದಿತ್ತು.

“ಸಾ, ನೀವೊಂದ್ಸಲ ಮನೆಗ್ ಬರ್ಬೇಕು,” ಎಂದ ಚಿಕ್ಕಣ್ಣ.

“ಏನಯ್ಯ, ಕೂತ್ಕೊ ಮೊದಲು.”

“ಕೂರಕ್ಕೆ ಹೊತ್ತಿಲ್ಲ ಸಾ. ನಮ್ ಬೆಟ್ಟಮ್ಮನ ಕಾಲ್ಬೆರಳು ಕಪ್ಪಿಟ್ಬುಟ್ಟದೆ. ಸಕ್ಕರೆ ಕಾಯ್ಲೆ ಇತ್ತಲ್ಲ. ಡಾಕ್ಟ್ರಮ್ಮ ನೋಡುದ್ರು. ಬೆರಳು ತೆಗೀಲೇಬೇಕು, ತಡ ಮಾಡುದ್ರೆ ಪಾದನೇ ತೆಗೀಬೇಕಾಯ್ತದೆ, ಆಮೇಕೆ ಮಂಡಿಯಿಂದ ಕೆಳಕ್ಕೆ ಅಂತ ಹೇಳವ್ರೆ. ಗುರುವಾರ ಬನ್ನಿ ಅಂದವ್ರೆ. ಇವ್ಳು ಬರಾಕಿಲ್ಲ ಅಂತ ಕುಂತವ್ಳೆ.”

“ಯಾಕಂತೆ?”

ಚಿಕ್ಕಣ್ಣ ನೆಲ ನೋಡಿದ. “ಬೆಳೀತದಂತೆ ಸಾ.”

“ಏನು ಬೆಳೆಯುತ್ತೆ?”

“ಬೆರಳು. ಮೇಷ್ಟ್ರು ರೇಡಿಯೋನಾಗೆ ಹೇಳವ್ರೆ, ಬೆಳೀತದೆ ಅಂತಾಳೆ. ನಾನು ಹೇಳುದ್ರೆ ‘ನೀವೇನು ಡಾಕ್ಟ್ರೇಟಾ’ ಅಂತಾಳೆ. ನೀವೇ ಬಂದು ಇಲ್ಲ ಅಂದ್ಬುಡಿ ಸಾ. ನಿಮ್ಮಾತು ಕೇಳ್ತಾಳೆ.”

ಇಂಥ ಸುದ್ದಿ ಕೇಳಿದವನಿಗೆ ಮೊದಲು ಗಾಬರಿಯಾಗಬೇಕು, ಆಮೇಲೆ ನಾಚಿಕೆಯಾಗಬೇಕು. ಗುರುಮಲ್ಲಪ್ಪನವರಿಗೆ ಎರಡೂ ಆಯಿತು, ಆದರೆ ಅವೆರಡಕ್ಕಿಂತ ಮುಂಚೆ, ಒಂದು ಕಣ್ಣುಮಿಟುಕಿನಷ್ಟು ಹೊತ್ತು, ಸಂತೋಷವಾಯಿತು. ತಮ್ಮ ಭಾಷಣವನ್ನು ಯಾರೋ ಕೊನೆಯವರೆಗೂ ಕೇಳಿದ್ದಾರೆ! ಆ ಸಂತೋಷವನ್ನು ಅವರು ತಕ್ಷಣ ಒಳಗೆ ತಳ್ಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಾಣಿ ಮಾತ್ರ ಅದನ್ನು ನೋಡಿಬಿಟ್ಟಿದ್ದರು.

“ಹೋಗಿ,” ಎಂದರು. “ನೀವು ಎಬ್ಬಿಸಿದ್ದನ್ನ ನೀವೇ ಮಲಗಿಸಿ ಬನ್ನಿ.”

ಚಿಕ್ಕಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆಸರೆಗೆ ಹೊರಟರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪಾಠ ತಯಾರಿಸಿದರು. ಮೊದಲು ಹಲ್ಲಿಗೂ ಮನುಷ್ಯನಿಗೂ ಗಾಯ ಮಾಯುವುದರಲ್ಲಿರುವ ವ್ಯತ್ಯಾಸ, ಆಮೇಲೆ ಕೋಶಗಳ ಸ್ಮರಣೆ, ಕೊನೆಗೆ ರಕ್ತಸಂಚಾರ. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಒಳ್ಳೆಯ ಉಪಮೆಯೂ ಹೊಳೆಯಿತು. ಹಸಿರು ದೀಪ ಬಂದದ್ದು ಗೊತ್ತಾಗದೆ ಹಿಂದಿನ ಆಟೋದವನಿಂದ ಬೈಸಿಕೊಂಡರು.

ಬೆಟ್ಟಮ್ಮ ಮುಂದಿನ ಕೋಣೆಯ ಮಂಚದ ಮೇಲೆ ಎಡಗಾಲನ್ನು ದಿಂಬಿನ ಮೇಲೆ ಚಾಚಿ ಕೂತು ಹೂ ಕಟ್ಟುತ್ತಿದ್ದಳು. ದೇವರಾಜ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಅವಳದು ಇಪ್ಪತ್ತೈದು ವರ್ಷದ ಹೂವಿನ ವ್ಯಾಪಾರ. ಕಾಲು ಹೀಗಾದ ಮೇಲೆ ಕಟ್ಟಿದ ಹೂವನ್ನು ಚಿಕ್ಕಣ್ಣನೇ ಒಯ್ದು ಮಾರಿ ಬರುತ್ತಿದ್ದ. ಮಡಿಲಲ್ಲಿ ಕನಕಾಂಬರದ ರಾಶಿ, ಬಾಳೆನಾರು. ಹೂವಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಬರುತ್ತಿತ್ತು. ಎಡಗಾಲಿನ ಎರಡನೆಯ ಬೆರಳು, ಹೆಬ್ಬೆರಳಿನ ಪಕ್ಕದ್ದು, ಹಳೆಯ ಹುಣಿಸೆಹಣ್ಣಿನಂತೆ ಕಪ್ಪಾಗಿ ಮುದುಡಿತ್ತು. ಅದರ ಬುಡದಲ್ಲಿ ಅರಿಶಿನ ಹಚ್ಚಿದ ಒಂದು ದಾರ ಸಡಿಲವಾಗಿ ಸುತ್ತಿತ್ತು.

“ಬನ್ನಿ ಮೇಷ್ಟ್ರೇ, ಬನ್ನಿ. ಏಳಕ್ಕಾಗಲ್ಲ, ತಪ್ಪು ತಿಳ್ಕಬ್ಯಾಡಿ. ಏ, ಆ ಕುರ್ಚಿ ಎಳೀರಿ ಇತ್ಲಾಗೆ. ಸ್ಟವ್ ಮ್ಯಾಲೆ ಹಾಲದೆ, ಕಾಪಿ ಮಾಡಿ.”

ಗುರುಮಲ್ಲಪ್ಪನವರು ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. “ನೋಡಮ್ಮ ಬೆಟ್ಟಮ್ಮ. ಹಲ್ಲಿಯ ವಿಷಯ ಬೇರೆ, ಮನುಷ್ಯರ ವಿಷಯ ಬೇರೆ…”

“ನೀವು ಅಂಗಂದಿಲ್ಲ,” ಎಂದಳು ಬೆಟ್ಟಮ್ಮ. ದಿಂಬಿನ ಕೆಳಗಿಂದ ಮೊಬೈಲ್ ತೆಗೆದು, ಅದರಲ್ಲಿ ಹಿಡಿದಿಟ್ಟುಕೊಂಡಿದ್ದ ಭಾಷಣವನ್ನು ಒತ್ತಿದಳು. ಕೆಸರೆಯ ಆ ಪುಟ್ಟ ಕೋಣೆಯಲ್ಲಿ ಗುರುಮಲ್ಲಪ್ಪನವರ ಧ್ವನಿ ಮೊಳಗಿತು. ‘ಪ್ರಿಯ ಕೇಳುಗರೇ, ಹಲ್ಲಿಗೂ ನಮಗೂ ನಾವು ತಿಳಿದಷ್ಟು ಅಂತರವಿಲ್ಲ…’

ತಮ್ಮ ಉಚ್ಚಾರಣೆ ಚೆನ್ನಾಗಿಯೇ ಬಂದಿದೆ ಎಂದು ಅವರಿಗೆ ಅನ್ನಿಸಿತು. ಅದಾದ ಮೇಲೆ ಅನ್ನಿಸಿದ್ದು, ಈ ಮನುಷ್ಯನ ಬಾಯಿ ಹೇಗಾದರೂ ಮುಚ್ಚಿಸಬೇಕಲ್ಲ ಎಂದು.

“ಅದನ್ನ ನಿಲ್ಸಮ್ಮ. ಅದು ಮುಂದಿನ ಕಾಲದ ಮಾತು. ಈಗ ಡಾಕ್ಟರ್ ಹೇಳಿದ ಹಾಗೆ ಬೆರಳು ತೆಗೆಸಿಬಿಡು.”

“ತೆಗ್ಸಿ?”

“ತೆಗೆಸಿ, ಹೊಲಿಗೆ ಹಾಕಿಸಿಕೊಂಡು…”

“ಹೊಲಿದ್ರೆ ಬೆಳೀತದಾ?” ಬೆಟ್ಟಮ್ಮ ನಾರನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದಳು. “ಗಾಯನ ಚರ್ಮ ಎಳೆದು ಹೊಲಿದು ಮುಚ್ಚುಬುಟ್ರೆ ಹಲ್ಲಿಗೂ ಬಾಲ ಬರಾಕಿಲ್ಲ ಅಂದ್ರಿ ನೀವು. ಇನ್ನೊಂದು, ಹಲ್ಲಿ ಬಾಲನ ಯಾರೂ ಕುಯ್ಯಲ್ಲ, ಅದೇ ಉದುರಿಸ್ಕತದೆ ಅಂದ್ರಿ. ಅದ್ಕೇ ನಾನು ಇದು ತಾನಾಗೇ ಉದುರ್ಲಿ ಅಂತ ಕಾಯ್ತಾ ಇವ್ನಿ. ಡಾಕ್ಟ್ರಮ್ಮನ ಕೈಗೆ ಕೊಟ್ರೆ ಹೊಲಿದುಬುಡ್ತಾರೆ. ಆಮೇಕೆ ಬೆಳಿ ಅಂದ್ರೆ ಎಲ್ಲಿಂದ ಬೆಳೀತದೆ?”

ಗುರುಮಲ್ಲಪ್ಪನವರು ಮೂವತ್ತೊಂದು ವರ್ಷ ಪಾಠ ಮಾಡಿದ್ದರು. ಗಾಯವನ್ನು ಪೂರ್ತಿ ಚರ್ಮದಿಂದ ಮುಚ್ಚಿದರೆ ಅಂಗ ಮತ್ತೆ ಬೆಳೆಯುವುದಿಲ್ಲ ಎಂಬ ಮಾತನ್ನು ಪ್ರತಿವರ್ಷ ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಸರಿಯಾಗಿ ಬರೆದ ವಿದ್ಯಾರ್ಥಿಗಳು ಎರಡು ಕೈಯ ಬೆರಳಿನಷ್ಟೂ ಇರಲಿಲ್ಲ. ಅವರ ಜೀವಮಾನದ ಅತ್ಯುತ್ತಮ ವಿದ್ಯಾರ್ಥಿನಿ ಇಲ್ಲಿ ಕೊಳೆಯುತ್ತಿರುವ ಕಾಲು ಚಾಚಿಕೊಂಡು ಕೂತಿದ್ದಳು. ಅವಳು ಕಲಿತದ್ದೆಲ್ಲ ಅವರೇ ಕಲಿಸಿದ್ದು.

ಅವರು ಕೋಶಗಳ ಸ್ಮರಣೆಯ ಬಗ್ಗೆ ಹೇಳಿದರು. ಸಿಗ್ನಲ್ಲಿನಲ್ಲಿ ಹೊಳೆದ ಉಪಮೆಯನ್ನೂ ಹೇಳಿದರು. ಅವಳು ಮರ್ಯಾದೆಯಿಂದ ಕೇಳಿ, “ಇದು ರೇಡಿಯೋನಾಗೆ ಹೇಳಿದ್ರಲ್ಲ, ಅಷ್ಟು ಚೆಂದಾಗಿಲ್ಲ ಮೇಷ್ಟ್ರೇ,” ಎಂದಳು.

ಚಿಕ್ಕಣ್ಣ ಕಾಫಿ ತಂದ. ಕಾಫಿ ಕುಡಿಯುತ್ತ ಗುರುಮಲ್ಲಪ್ಪನವರಿಗೆ ಕೇಳಬೇಕಾದ ಪ್ರಶ್ನೆ ಕೊನೆಗೂ ನೆನಪಾಯಿತು. ನಿಜವಾಗಿ ಅದನ್ನೇ ಮೊದಲು ಕೇಳಬೇಕಿತ್ತು.

“ಒಂದು ಬೆರಳಿಗೆ ಇಷ್ಟು ಹಠ ಯಾಕಮ್ಮ? ಕಾಲೇ ಹೋಗೋ ಹಾಗಿದೆ.”

ಬೆಟ್ಟಮ್ಮ ಹೂ ಕೆಳಗಿಟ್ಟಳು. ಸೆರಗಿನ ತುದಿಯ ಗಂಟು ಬಿಚ್ಚಿ ಅಂಗೈಯಲ್ಲಿ ಒಂದು ಬೆಳ್ಳಿಯ ಸುತ್ತು ತೋರಿಸಿದಳು. ಒಂದು ಕಡೆ ಕತ್ತರಿಸಿ ಅಗಲಿಸಿದ ಕಾಲುಂಗುರ.

“ಇದು ಮದುವೇಲಿ ಹಾಕಿದ್ದು. ಬೆರಳು ಊದ್ಕಂಡು ಇದು ಒಳಕ್ಕೆ ಕುಯ್ಕಂಡೋಗದೆ, ನನಗೆ ಗೊತ್ತೇ ಆಗ್ಲಿಲ್ಲ, ಕಾಲಿಗೆ ಸ್ಪರ್ಶವೇ ಇಲ್ವಲ್ಲ. ಆಸ್ಪತ್ರೇಲಿ ಕಟಿಂಗ್ ಪ್ಲೇಯರ್ ಹಾಕಿ ತೆಗುದ್ರು. ಇವ್ರು ಎದುರ್ಗೇ ಗುಂಡುಕಲ್ಲಿನಂಗೆ ನಿಂತವ್ರೆ, ನನ್ನ ಬೆರಳು ಬರಿದಾಗೋಯ್ತು. ಅದ್ಕೇ ದಾರ ಕಟ್ಕಂಡಿವ್ನಿ. ಈಗ ಬೆರಳೇ ಇಲ್ಲ ಅಂದ್ರೆ ದಾರನಾದ್ರೂ ಎಲ್ಲಿಗ್ ಕಟ್ಲಿ? ಮತ್ತೆ ಬೆಳೀತದೆ ಅಂದ್ರೆ ಒಂದು ಧೈರ್ಯ. ಅಲ್ಲೀಗಂಟ ಹೆಂಗೋ ತಡ್ಕಬೋದು.”

ಗುರುಮಲ್ಲಪ್ಪನವರು ಲೋಟದ ತಳ ನೋಡುತ್ತ ಕೂತರು.

ಆಗ ಚಿಕ್ಕಣ್ಣ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತ. ಹೆಂಡತಿಯ ಕಾಲನ್ನೇ ನೋಡುತ್ತ ಹೇಳಿದ. “ಏಳನೇ ನಂಬರು.”

“ಏನದು?” ಎಂದಳು ಬೆಟ್ಟಮ್ಮ.

“ನಿನ್ ಬೆರಳು ಕಣಮ್ಮಿ. ಎಡಗಡೆ ಹಿಂಗಾಲು, ಎಲ್ಡನೇ ಬೆರಳು. ನಮ್ಮ ಲ್ಯಾಬಿನಾಗೆ ಅದು ಏಳು. ಹಲ್ಲಿ ಮೈಮ್ಯಾಲೆ ನಂಬರ್ ಬರೆಯಕ್ಕಾಗಲ್ಲ, ಪೊರೆ ಬಿಟ್ರೆ ಅಳಿಸೋಯ್ತದೆ. ಅದ್ಕೇ ಕಾಲ್ಬೆರಳ ತುದಿ ಕತ್ತರೀಲಿ ಕುಯ್ತಿದ್ದೋ. ಈ ಬೆರಳು ಕುಯ್ದುದ್ರೆ ಏಳು. ಅದ್ರ ಜೊತೆಗೆ ಬಲಗಡೆ ಮುಂಗಾಲಿನ ಮೊದಲ್ನೇ ಬೆರಳೂ ಕುಯ್ದುದ್ರೆ ಹದಿನೇಳು. ಯಾವ ಹಲ್ಲಿ ಯಾವುದು ಅಂತ ವರ್ಷಗಟ್ಲೆ ಗೊತ್ತಾಯ್ತಿತ್ತು. ಯಾಕೆ ಹೇಳು?”

ಬೆಟ್ಟಮ್ಮ ಬೆರಳಿನ ಬುಡದ ದಾರ ನೋಡಿದಳು.

“ಯಾಕಂದ್ರೆ ಹಲ್ಲಿಗೆ ಬಾಲ ಬೆಳೀತದೆ, ಬೆರಳು ಬೆಳೆಯಾಕಿಲ್ಲ. ನಾನೇ ನನ್ ಕೈಯಾರೆ ಇನ್ನೂರು ಹಲ್ಲಿ ಬೆರಳು ಕುಯ್ದಿವ್ನಿ. ಒಂದ್ ಬೆರಳೂ ವಾಪಸ್ ಬಂದಿಲ್ಲ ಕಣಮ್ಮಿ. ಬಂದಿದ್ರೆ ಸಾಹೇಬ್ರ ಲೆಕ್ಕಾನೇ ಕೆಟ್ಟೋಗದು.”

ಗುರುಮಲ್ಲಪ್ಪನವರ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಅವರ ಇಡೀ ಪ್ರಯೋಗ ನಿಂತಿದ್ದು ಆ ಕತ್ತರಿಸಿದ ಬೆರಳುಗಳ ಮೇಲೆ. ಹಲ್ಲಿಗೆ ಬೆರಳು ಬೆಳೆಯುವುದಿಲ್ಲ ಎಂಬುದನ್ನು ನಂಬಿಕೊಂಡೇ ಅವರು ಹಲ್ಲಿಗಳಿಗೆ ನಂಬರು ಹಾಕಿದ್ದರು. ಆಮೇಲೆ ಮೂರು ದಿನ ಕೂತು ಯೋಚಿಸಿ, ಮಾನವನಿಗೆ ಬೆರಳು ಬೆಳೆಸಿಕೊಡುವುದಾಗಿ ಮೈಸೂರಿಗೆಲ್ಲ ಮಾತು ಕೊಟ್ಟಿದ್ದರು. ತಮ್ಮ ಸ್ವಂತ ಹಲ್ಲಿಗೇ ಇಲ್ಲದ ಸೌಲಭ್ಯ! ಆ ವಾಕ್ಯ ಬರೆಯುವಾಗ ಈ ವಿಷಯ ಅವರ ತಲೆಗೇ ಬಂದಿರಲಿಲ್ಲ. ‘ಮಾನವ’ನೋ ‘ಮನುಷ್ಯ’ನೋ ಎಂಬುದರಲ್ಲೇ ತಲೆ ತುಂಬಿಹೋಗಿತ್ತು.

“ಹದಿನೇಳು?” ಎಂದಳು ಬೆಟ್ಟಮ್ಮ. “ಅದು ಎಲ್ಲ ಹಲ್ಲಿ ಥರ ಅಲ್ಲ ಅಂದ್ರು ಮೇಷ್ಟ್ರು. ಎಲ್ಡು ತಿಂಗಳ ಬಾಲನ ಹತ್ತೊಂಬತ್ತು ದಿನಕ್ಕೆ ಬೆಳೆಸ್ತು. ಶಾಖ ಕೊಟ್ರೆ ಎಲ್ಲಾ ಏಳ್ತದೆ ಅಂದ್ರು. ನಾನೂ ದಿನಾ ಬೆಳಿಗ್ಗೆ ಸಾಯಂಕಾಲ ಬಿಸಿ ಇಟ್ಟಿಗೆಗೆ ಬಟ್ಟೆ ಸುತ್ತಿ ಕಾಲಿಗೆ ಇಟ್ಕತಾ ಇವ್ನಿ.”

ಸ್ಪರ್ಶವಿಲ್ಲದ ಕಾಲಿಗೆ ಬಿಸಿ ಇಟ್ಟಿಗೆ! ಗುರುಮಲ್ಲಪ್ಪನವರು ಲೋಟ ಕೆಳಗಿಟ್ಟು, ಬಗ್ಗಿ ನೋಡಿದರು. ಪಾದದ ಅಂಚಿನಲ್ಲಿ ಕೆಂಪಗೆ ಒಂದು ಬೊಬ್ಬೆ ಎದ್ದಿತ್ತು.

ಚಿಕ್ಕಣ್ಣನೂ ಅದನ್ನು ನೋಡಿದ. ಆಮೇಲೆ, ಹೆಂಡತಿಗೆ ಹೇಳುತ್ತಿದ್ದಾನೋ ಸಾಹೇಬರಿಗೆ ಹೇಳುತ್ತಿದ್ದಾನೋ ಗೊತ್ತಾಗದ ಹಾಗೆ ಹೇಳಿದ:

“ಹದಿನೇಳು ತಪ್ಪಿಸ್ಕಂಡೋಯ್ತು.”

“ಏನಯ್ಯ?”

“ಪಂಜರದ ಮುಚ್ಚಳ ಬಿಸಿಗೆ ಸೊಟ್ಟಗಾಗಿತ್ತು ಸಾ. ಒಂದಿನ ಬೆಳಿಗ್ಗೆ ಬಂದು ನೋಡ್ತೀನಿ, ಹಲ್ಲಿ ಇಲ್ಲ. ಅದ್ಕೂ ಮುಂಚೆ ಒಂಬತ್ನೇ ನಂಬರು ತಪ್ಪಿಸ್ಕಂಡಿದ್ದಾಗ ನೀವು ಎಂಟು ದಿನ ನನ್ನ ಮಾತಾಡ್ಸಿರ್ಲಿಲ್ಲ. ಅದ್ಕೇ ಇನ್ನೊಂದು ಹಿಡ್ದೆ. ಅದೇ ಎಲ್ಡು ಬೆರಳು ಕುಯ್ದೆ. ಪಂಜರಕ್ಕೆ ಬುಟ್ಟೆ.”

“ಇಲ್ಲ!” ಗುರುಮಲ್ಲಪ್ಪನವರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. “ಸಾಧ್ಯವೇ ಇಲ್ಲ. ನಾನು ಎಕ್ಸ್-ರೇ ತೆಗೆಸಿದೀನಿ. ಅದರೊಳಗೆ ಮೂಳೆ ಇರಲಿಲ್ಲ, ಮೆದುಮೂಳೆ ಇತ್ತು. ಅದು ಹೊಸದಾಗಿ ಬೆಳೆದ ಬಾಲವೇ!”

“ಬೆಳೆದಿದ್ದೇ ಸಾ. ಮುಂಚೆ ಯಾವತ್ತೋ ಬೆಳೆದಿದ್ದು. ನೀವು ಎಕ್ಸ್-ರೇ ತೆಗುಸ್ತೀರಿ ಅಂತ ನನಗೆ ಗೊತ್ತಿರ್ಲಿಲ್ವ? ಒಂದ್ಸಲ ಬಾಲ ಬಿದ್ದು ಬೆಳೆದಿರೋ ಹಲ್ಲೀನೇ ಬೇಕು ಅಂತ ಕ್ಯಾಂಟೀನ್ ಹಿಂದಲ ಗೋಡೇಲಿ ಎಲ್ಡು ದಿನ ಹುಡುಕ್ದೆ. ಸ್ವಲ್ಪ ಉದ್ದ ಬಾಲದ್ದು ಸಿಕ್ಬುಡ್ತು. ನೀವು ಅಳತೆ ನೋಡಿ ಕುಣಿದಾಡ್ಬುಟ್ರಿ. ಡಿಪಾರ್ಟ್‌ಮೆಂಟಿಗೆಲ್ಲ ಜಿಲೇಬಿ ತರ್ಸುದ್ರಿ. ನನಗೆ ಎಲ್ಡು ಕೊಟ್ರಿ. ಜಿಲೇಬಿ ಬಾಯಲ್ಲಿಟ್ಕಂಡು ಎಂಗ್ ಹೇಳ್ಲಿ ಸಾ?”

“ಸುಳ್ಳು! ನನ್ನ ಹದಿನೇಳು ನಿಜ! ಫೋಟೋ ಇದೆ, ಗ್ರಾಫ್ ಇದೆ, ಪ್ರಬಂಧ ಅಚ್ಚಾಗಿದೆ. ಹತ್ತೊಂಬತ್ತು ದಿನ, ನಲವತ್ತೊಂದು ಮಿಲಿಮೀಟರ್! ನಿಜ!”

ಅವರ ಧ್ವನಿ ರೇಡಿಯೊ ಭಾಷಣಕ್ಕಿಂತಲೂ ಚೆನ್ನಾಗಿತ್ತು. ಅದು ಅವರಿಗೆ ಗೊತ್ತಾದದ್ದು ಬೆಟ್ಟಮ್ಮನ ಮುಖ ನೋಡಿದಾಗ. ಅವಳ ಮುಖ ಅರಳಿತ್ತು. “ನೋಡಿದ್ರಾ? ಮೇಷ್ಟ್ರು ಹೇಳ್ತಾವ್ರೆ, ನಿಜ ಅಂತೆ,” ಎಂದು ಗಂಡನ ಕಡೆ ತಿರುಗಿ, ಹೂ ಮತ್ತೆ ಮಡಿಲಿಗೆ ಎಳೆದುಕೊಂಡಳು.

ಬಂದ ಕೆಲಸವೇನು, ಮಾಡಿದ್ದೇನು! ಒಂದು ಕಡೆ ಒಬ್ಬ ಹೆಂಗಸಿನ ಕಾಲು, ಇನ್ನೊಂದು ಕಡೆ ಸತ್ತು ಕಾಲು ಶತಮಾನವಾಗಿರಬಹುದಾದ ಒಂದು ಹಲ್ಲಿ. ಗುರುಮಲ್ಲಪ್ಪನವರು ಹಲ್ಲಿಯ ಪರ ವಾದಿಸುತ್ತ ನಿಂತಿದ್ದರು. ಆ ಐದು ಸಲದ ಪ್ರಯೋಗಗಳು ಒಂದೊಂದಾಗಿ ನೆನಪಿಗೆ ಬಂದವು. ಐದು ಸಲವೂ ಹಲ್ಲಿಗಳು ಅವರಿಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದವು. ಅವರೇ ಹಲ್ಲಿಗಳನ್ನು ಫೇಲು ಮಾಡಿದ್ದರು.

ಕುರ್ಚಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಮತ್ತೆ ಕೂತರು.

“ಬೆಟ್ಟಮ್ಮ, ಚಿಕ್ಕಣ್ಣ ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು.”

“ಈಗ ತಾನೆ ನಿಜ ಅಂದ್ರಿ.”

“ಅಂದೆ. ಇಪ್ಪತ್ತೈದು ವರ್ಷದಿಂದ ಅನ್ನುತ್ತಾ ಇದ್ದೀನಿ. ಬೇರೆ ಯಾವ ಹಲ್ಲಿಯೂ ಹಾಗೆ ಬೆಳೆಸಲಿಲ್ಲ. ಅವತ್ತೇ ನನಗೆ ಅನುಮಾನ ಬರಬೇಕಿತ್ತು. ಬಂದಿತ್ತೂ ಅನ್ನಿಸುತ್ತೆ. ಜಿಲೇಬಿ ಹಂಚಿಬಿಟ್ಟಿದ್ದೆನಲ್ಲ.”

ಬೆಟ್ಟಮ್ಮ ಒಮ್ಮೆ ಗಂಡನ ಮುಖ, ಒಮ್ಮೆ ಮೇಷ್ಟ್ರ ಮುಖ ನೋಡಿದಳು. ಮಡಿಲಿನ ಹೂ ಅಲ್ಲೇ ಇತ್ತು, ಕೈ ಓಡುತ್ತಿರಲಿಲ್ಲ.

“ಅಂಗಾರೆ ಬೆಳೆಯಾಕಿಲ್ಲ.”

“ಬೆಳೆಯಲ್ಲ.”

“ಯಾವತ್ತೂ?”

ಇಲ್ಲಿ ಗುರುಮಲ್ಲಪ್ಪನವರ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂತು. ಚಿಕ್ಕ ಮಕ್ಕಳ ಕೈಬೆರಳಿನ ತುದಿ ಕತ್ತರಿಸಿಹೋದರೆ, ಉಗುರಿನ ಬುಡ ಉಳಿದಿದ್ದರೆ, ಅದು ಮತ್ತೆ ಬೆಳೆಯುವುದುಂಟು, ಅದು ನಿಜ. ನೀರಿನಲ್ಲಿರುವ ಒಂದು ಜಾತಿಯ ಪ್ರಾಣಿ ಇಡೀ ಕಾಲನ್ನೇ ಬೆಳೆಸಿಕೊಳ್ಳುತ್ತದೆ; ಅದೂ ನಿಜ. ಲೋಕದಲ್ಲಿ ಬುದ್ಧಿವಂತರು ಅದರ ಗುಟ್ಟು ಹುಡುಕುತ್ತಿದ್ದಾರೆ. ಇನ್ನೊಂದು ಐವತ್ತು ವರ್ಷದಲ್ಲಿ… ಎಲ್ಲ ಮಾತುಗಳೂ ಸಾಲಾಗಿ ನಿಂತಿದ್ದವು. ಅವುಗಳನ್ನು ಒಂದೊಂದಾಗಿ ನುಂಗಿದರು.

“ನಿನ್ನ ಕಾಲಕ್ಕಿಲ್ಲ ತಾಯಿ. ನನ್ನ ಕಾಲಕ್ಕೂ ಇಲ್ಲ.”

ಅವಳು ಅಳಲಿಲ್ಲ. ಕಾಲುಂಗುರವನ್ನು ಅಂಗೈಯಲ್ಲಿ ಹೊರಳಿಸಿದಳು. “ಪಕ್ಕದ ಬೆರಳ್ಗೆ ಹಾಕ್ಕಬೋದಾ ಇದ್ನ?” ಎಂದಳು. ಕೇಳಿದ್ದು ಮೇಷ್ಟ್ರನ್ನು. ತಮಗೆ ಗೊತ್ತಿಲ್ಲ ಎಂದು ಹೇಳಲು ಅವರು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಣ್ಣ ನುಗ್ಗಿದ.

“ಅವ್ರನ್ನೇನು ಕೇಳೀಯೆ? ಉಂಗುರ ಹಾಕ್ದೋನು ನಾನು. ಗಂಡ ನಾನು. ನಾನ್ ಹೇಳ್ತೀನಿ, ಪಕ್ಕದ್ಕಾದ್ರೂ ಹಾಕ್ಕೊ, ಕೈಗಾದ್ರೂ ಹಾಕ್ಕೊ, ಕುಂಕುಮದ ಡಬ್ಬೀಲಾದ್ರೂ ಇಡು. ನಾನೇನು ಸತ್ತೋಗಲ್ಲ. ಸತ್ರೆ ಆಗ ಕೇಳು.”

“ಥೂ, ಮುಚ್ಚಿ ಬಾಯ್ನ,” ಎಂದಳು ಬೆಟ್ಟಮ್ಮ. ಕಾಲುಂಗುರವನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ದಿಂಬಿನ ಮೇಲಿದ್ದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಳಿಸಿದಳು. “ಗುರುವಾರದ ತಂಕ ಯಾಕೆ? ಈಗ್ಲೇ ಹೋದ್ರೆ ಡಾಕ್ಟ್ರಮ್ಮ ಇರ್ತಾರಾ?”

ಡಾಕ್ಟರ್ ಸುಷ್ಮಾ ಇದ್ದರು. ಬೊಬ್ಬೆಯನ್ನು ನೋಡಿ ಬಿಸಿ ಇಟ್ಟಿಗೆ ಇಟ್ಟಿದ್ದಕ್ಕೆ ಚೆನ್ನಾಗಿ ಬೈದರು. “ಯಾರು ಹೇಳಿಕೊಟ್ಟಿದ್ದು ಇದನ್ನ?” ಎಂದು ಕೇಳಿದರು. ಬೆಟ್ಟಮ್ಮ ಬಾಯಿ ಬಿಡಲಿಲ್ಲ. ಗುರುಮಲ್ಲಪ್ಪನವರು ಕೈ ಎತ್ತಿದರು, ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗನ ಹಾಗೆ. “ಓದಿದೋರ ಥರ ಕಾಣ್ತೀರ,” ಎಂದರು ಡಾಕ್ಟರು. ಮರುದಿನವೇ ಬೆರಳು ತೆಗೆದರು. ಕೊಳೆತ ಇನ್ನೂ ಪಾದಕ್ಕೆ ಹರಡಿರಲಿಲ್ಲ. ಇನ್ನು ನಾಲ್ಕೈದು ದಿನ ಬಿಟ್ಟಿದ್ದರೆ ಹರಡುತ್ತಿತ್ತು ಎಂದರು.

ಆ ರಾತ್ರಿಗಳಲ್ಲಿ ಗುರುಮಲ್ಲಪ್ಪನವರು ಸುಮ್ಮನೆ ಕೂರಲಿಲ್ಲ. ಅವರ ಸ್ವಭಾವವೇ ಅದಲ್ಲ. ಪ್ರಬಂಧ ಅಚ್ಚುಹಾಕಿದ ಪತ್ರಿಕೆಯ ಸಂಪಾದಕರಿಗೆ ಒಂದು ತಿದ್ದುಪಡಿಯ ಪತ್ರ ಬರೆದರು. ಆ ಪತ್ರಿಕೆ ಇನ್ನೂ ಬದುಕಿದೆಯೇ ಎಂದು ಹುಡುಕುವುದಕ್ಕೇ ಅರ್ಧ ದಿನ ಹಿಡಿಯಿತು. ಪತ್ರ ಮೂರು ಪುಟವಾಯಿತು. ಪಂಜರದ ಮುಚ್ಚಳ ಸೊಟ್ಟಗಾದದ್ದು, ಅಟೆಂಡರ್ ಚಿಕ್ಕಣ್ಣ ಬದಲಿ ಹಲ್ಲಿಯನ್ನು ತಂದದ್ದು, ಬೆರಳು ಕತ್ತರಿಸಿದ ಕ್ರಮ, ಎಲ್ಲವನ್ನೂ ತಾರೀಖಿನ ಸಮೇತ ಬರೆದರು. ಇಷ್ಟು ಪ್ರಾಮಾಣಿಕ ಪತ್ರವನ್ನು ಬಹಳ ಜನ ಬರೆದಿರಲಾರರು ಎಂದು ಅವರಿಗೇ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕೊಂಚ ನಾಚಿಕೆಯೂ ಆಯಿತು, ಆದರೆ ಪತ್ರ ತಿದ್ದುವಷ್ಟಲ್ಲ.

ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ವಾರ್ಡಿಗೆ ಹೋದರು. ಚಿಕ್ಕಣ್ಣ ಹಾಸಿಗೆಯ ಪಕ್ಕದಲ್ಲಿ ಸ್ಟೂಲಿನ ಮೇಲಿದ್ದ. ಬೆಟ್ಟಮ್ಮನ ಕಾಲಿಗೆ ಬಿಳಿ ಪಟ್ಟಿ. ಗುರುಮಲ್ಲಪ್ಪನವರು ಪತ್ರ ಬಿಡಿಸಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ, ಒಂದೂ ಸಾಲು ಬಿಡದೆ ಓದಿ ಹೇಳಿದರು.

ಚಿಕ್ಕಣ್ಣನ ಹೆಸರು ಬಂದಾಗ ಅವನು ಸ್ಟೂಲಿನ ಮೇಲೆ ಕೊಂಚ ಕುಗ್ಗಿದ. “ನನ್ ಹೆಸರು ಫಾರಿನ್ನಿಗೆಲ್ಲ ಹೋಯ್ತದಾ ಸಾ?”

“ಹೋಗುತ್ತಯ್ಯ. ಸತ್ಯ ಹೇಳಿದೋನು ನೀನು.”

ಬೆಟ್ಟಮ್ಮ ದಿಂಬಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. “ಮೇಷ್ಟ್ರೇ, ಒಂದ್ ಮಾತು. ಅವತ್ತು ಅಚ್ಚಾಕಿಸಿದ್ರಲ್ಲ, ಅದ್ರಾಗೆ ಇವ್ರ ಹೆಸರಿತ್ತಾ?”

ಗುರುಮಲ್ಲಪ್ಪನವರಿಗೆ ಆ ಪುಟ ಬಾಯಿಪಾಠವಿತ್ತು. ಮೇಲೆ ಅವರೊಬ್ಬರದೇ ಹೆಸರು. ಕೊನೆಯಲ್ಲಿ ಕೃತಜ್ಞತೆಯ ನಾಲ್ಕು ಸಾಲು: ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ, ಎಕ್ಸ್-ರೇ ತೆಗೆದುಕೊಟ್ಟವರಿಗೆ, ಇನ್‌ಕ್ಯುಬೇಟರು ಕೊಡಿಸಿದ ಸಮಿತಿಗೆ.

“ಇರಲಿಲ್ಲ.”

“ಇಪ್ಪತ್ತು ವರ್ಷ ಜಿರಳೆ ಹಿಡುದ್ರು. ಸ್ಕೇಲು ಹಿಡ್ಕಂಡು ಬಾಲ ಅಳುದ್ರು. ಆಗಿಲ್ದಿದ್ ಹೆಸರು ಈಗ ಹಲ್ಲಿ ಓಡೋಗಿದ್ಕೆ ಯಾಕೆ? ಅವತ್ತು ನೀವೊಬ್ರೇ ಹಾಕ್ಕಂಡ್ರಿ. ಇವತ್ತೂ ಒಬ್ರೇ ಹಾಕ್ಕಳಿ.”

ಪಕ್ಕದ ಮಂಚದ ಮುದುಕಿ ಕೆಮ್ಮುವ ನೆಪದಲ್ಲಿ ನಕ್ಕಳು. ಚಿಕ್ಕಣ್ಣ “ಸುಮ್ಕಿರು ಕಣಮ್ಮಿ” ಎಂದು ಗೊಣಗಿದ, ಆದರೆ ಜೋರಾಗಿ ಹೇಳಲಿಲ್ಲ.

ಗುರುಮಲ್ಲಪ್ಪನವರು ಪೆನ್ನು ತೆಗೆದರು. ಚಿಕ್ಕಣ್ಣನ ಹೆಸರಿದ್ದ ವಾಕ್ಯವನ್ನು ಹೊಡೆದುಹಾಕಿದರು. ಅದು ಹೋದ ಮೇಲೆ ಅದರ ಹಿಂದಿನದು ನಿಲ್ಲಲಿಲ್ಲ; ಅದನ್ನೂ ಹೊಡೆದರು. ಮುಚ್ಚಳದ ವಾಕ್ಯ, ಕ್ಯಾಂಟೀನಿನ ಗೋಡೆಯ ವಾಕ್ಯ, ತಮ್ಮ ಪ್ರಾಮಾಣಿಕತೆಯ ಬಗೆಗಿನ ಒಂದು ಸುಂದರವಾದ ವಾಕ್ಯ, ಒಂದರ ಹಿಂದೆ ಒಂದು ಹೋದವು. ಮೂರು ಪುಟದಲ್ಲಿ ಉಳಿದದ್ದು ಎರಡು ಸಾಲು: ಹದಿನೇಳನೆಯ ಹಲ್ಲಿಯ ಫಲಿತಾಂಶ ತಪ್ಪು. ಪರಿಶೀಲಿಸದೆ ಪ್ರಕಟಿಸಿದ್ದು ನನ್ನ ತಪ್ಪು.

ಅಷ್ಟರಲ್ಲಿ ನರ್ಸು ಟ್ರೇ ಹಿಡಿದು ಬಂದು ಪಟ್ಟಿ ಬಿಚ್ಚಿದಳು. ಹೆಬ್ಬೆರಳಿಗೂ ಮೂರನೆಯ ಬೆರಳಿಗೂ ನಡುವೆ ಒಂದು ಸಂದು, ಅದರ ಉದ್ದಕ್ಕೆ ಕಪ್ಪು ನೂಲಿನ ನಾಲ್ಕು ಹೊಲಿಗೆ. ಚಿಕ್ಕಣ್ಣ ಬಗ್ಗಿದ. ಗುರುಮಲ್ಲಪ್ಪನವರೂ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಇಬ್ಬರೂ ಹಿಂದೆ ಪಂಜರದ ಮೇಲೆ ಹೀಗೆಯೇ ತಲೆಗೆ ತಲೆ ತಾಗಿಸಿ ಬಗ್ಗುತ್ತಿದ್ದರು.

“ಎಂಗದೆ ಮೇಷ್ಟ್ರೇ?” ಎಂದಳು ಬೆಟ್ಟಮ್ಮ. ಅವಳು ಮಾತ್ರ ಆ ಕಡೆ ನೋಡುತ್ತಿರಲಿಲ್ಲ, ಚಾವಣಿ ನೋಡುತ್ತಿದ್ದಳು.

“ಒಣಗ್ತಾ ಇದೆ.”

“ಅಷ್ಟೇನಾ?”

“ಅಷ್ಟೇ ಕಣಮ್ಮ,” ಎಂದರು ಗುರುಮಲ್ಲಪ್ಪನವರು.